ಕೊಡಚಾದ್ರಿಯ ಕಾಡುದಾರಿಯಲ್ಲಿ ಒಂದು ದಿನದ ಜೇಡ ಸಂಗ್ರಹ: ಪದೇ ಪದೇ ಕೇಳುವ ಪ್ರಶ್ನೆಗಳು

ಜೇಡಗಳ ಸಮೀಕ್ಷೆಗೆಂದು ಬೆಟ್ಟ ಹತ್ತುವ ತಂಡಗಳ ಜೊತೆ ಬಂದ ವಿದ್ಯಾರ್ಥಿಗಳು, ಶಿಕ್ಷಕರು, ಚಾರಣಿಗರು ಮತ್ತು ಮಲೆನಾಡಿನ ತೋಟದ ಮನೆಯವರು ಮಾತಿನಲ್ಲೂ ಪತ್ರಗಳಲ್ಲೂ ಮತ್ತೆ ಮತ್ತೆ ಕೇಳಿರುವ ಪ್ರಶ್ನೆಗಳನ್ನು ಇಲ್ಲಿ ಒಟ್ಟುಗೂಡಿಸಲಾಗಿದೆ. ಉದಾಹರಣೆಗೆ ಆರಿಸಿಕೊಂಡಿರುವ ಜಾಗ ಶಿವಮೊಗ್ಗ ಜಿಲ್ಲೆಯ ಹೊಸನಗರ ತಾಲ್ಲೂಕಿನ ಕೊಡಚಾದ್ರಿ. ಪಶ್ಚಿಮ ಘಟ್ಟದ ಬೇರೆ ಬೆಟ್ಟಗಳಿಗೂ ಇಲ್ಲಿನ ಹೆಚ್ಚಿನ ಮಾತು ಅನ್ವಯಿಸುತ್ತದೆ.

## ಹೊರಡುವ ಮೊದಲು

ಜೇಡ ನೋಡೋಕೆ ಕಾಡಿಗೇ ಯಾಕೆ ಹೋಗಬೇಕು? ಮನೆ ಮೂಲೆಯಲ್ಲೇ ಬೇಕಾದಷ್ಟು ಇದಾವಲ್ಲ?

ಮನೆಯ ಮೂಲೆಗಳಲ್ಲಿರುವ ಜೇಡಗಳಲ್ಲಿ ಹಲವು ಮನುಷ್ಯನ ಜೊತೆಗೇ ಲೋಕ ಸುತ್ತಿದವು. ಬಚ್ಚಲುಮನೆಯ ಗೋಡೆಯ ಮೇಲೆ ರಾತ್ರಿ ಅಂಗೈಯಗಲ ಕಾಲು ಚಾಚಿ ಕುಳಿತಿರುವ ಹೆಟರೊಪೋಡಾ ವೆನಟೋರಿಯಾ ಸಾಗರದಲ್ಲೂ ಸಿಗುತ್ತದೆ, ಸಿಂಗಪುರದಲ್ಲೂ ಸಿಗುತ್ತದೆ. ಕಾಡಿನ ಜೇಡಗಳು ಹಾಗಲ್ಲ. ತರಗೆಲೆಯೊಳಗಿನವು, ತೊಗಟೆಗೆ ಅಂಟಿಕೊಂಡವು, ಎಲೆಯ ಅಡಿಭಾಗದಲ್ಲಿ ಇರುವವು, ಎರಡು ಮರಗಳ ನಡುವೆ ಬಲೆ ಕಟ್ಟುವವು ಎಂದು ಒಂದೇ ಮರದ ಸುತ್ತ ಬೇರೆ ಬೇರೆ ಕುಟುಂಬಗಳು ನೆಲೆಸಿರುತ್ತವೆ. ಜಗತ್ತಿನಲ್ಲಿ ಹೆಸರು ಪಡೆದ ಜೇಡ ಪ್ರಭೇದಗಳ ಸಂಖ್ಯೆ 2022ರಲ್ಲಿ 50,000 ದಾಟಿತು. ಭಾರತದಿಂದ ದಾಖಲಾಗಿರುವವು ಸುಮಾರು 1,900. ಕೊಡಚಾದ್ರಿಯ ಎತ್ತರ 1,343 ಮೀಟರ್ ಮಾತ್ರ. ಆದರೂ ತಪ್ಪಲಿನ ನಿತ್ಯಹರಿದ್ವರ್ಣ ಕಾಡು, ಮೇಲಿನ ಕಣಿವೆಗಳ ಶೋಲಾ ಎಂಬ ಗಿಡ್ಡ ಮರಗಳ ಕಾಡು, ನೆತ್ತಿಯ ಹುಲ್ಲುಗಾವಲು ಮೂರೂ ಒಂದೇ ದಿನದ ನಡಿಗೆಯಲ್ಲಿ ಸಿಗುವುದರಿಂದ ಈ ಕೆಲಸಕ್ಕೆ ಇದು ಒಳ್ಳೆಯ ಹಾದಿ.

ಬಂಡೆ ಸಂದಿಯಲ್ಲಿ ಗುಂಪಾಗಿ ಉದ್ದ ಕಾಲು ಅಲ್ಲಾಡಿಸುವ ಪ್ರಾಣಿಯೂ ಜೇಡವೇ?

ಬಹುಮಟ್ಟಿಗೆ ಅಲ್ಲ. ಎಂಟು ಕಾಲಿದ್ದ ಮಾತ್ರಕ್ಕೆ ಜೇಡವಾಗುವುದಿಲ್ಲ. ಜೇಡದ ದೇಹದಲ್ಲಿ ಮುಂಭಾಗ ಮತ್ತು ಹೊಟ್ಟೆಯ ನಡುವೆ ತೆಳುವಾದ ಸೊಂಟವಿರುತ್ತದೆ, ಹೊಟ್ಟೆಯ ತುದಿಯಲ್ಲಿ ನೂಲು ಹೊರಡಿಸುವ ಅಂಗಗಳಿರುತ್ತವೆ. ಬಂಡೆಯ ಸಂದಿಯಲ್ಲಿ ಗುಂಪುಗೂಡುವ ಓಪಿಲಿಯೋನ್‌ಗಳಿಗೆ ಇವೆರಡೂ ಇಲ್ಲ. ದೇಹವೆಲ್ಲ ಒಂದೇ ಗುಂಡಿ, ಕಣ್ಣು ಎರಡೇ. ಆದರೆ ಅದೇ ಬಂಡೆಯಡಿ ಬಲೆಯಲ್ಲಿ ತಲೆಕೆಳಗಾಗಿ ತೂಗಿಕೊಂಡು, ಮುಟ್ಟಿದೊಡನೆ ಬಲೆಯನ್ನು ಗಡಗಡ ಅಲುಗಿಸುವ ನೀಳಗಾಲಿನ ಪ್ರಾಣಿ ಕಂಡರೆ ಅದು ಫೋಲ್ಸಿಡೇ ಕುಟುಂಬದ ಜೇಡವೇ.

ಜೇಡ ಹಿಡಿಯೋಕೂ ಪರ್ಮಿಷನ್ ಬೇಕಾ? ಅದೇನು ಹುಲಿಯಾ?

ಬೇಕು. ಕೊಡಚಾದ್ರಿಯು ಮೂಕಾಂಬಿಕಾ ವನ್ಯಜೀವಿ ಧಾಮದ ಒಳಗಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಧಾಮದೊಳಗಿನ ಯಾವುದೇ ವನ್ಯಜೀವಿಯನ್ನು ಅನುಮತಿಯಿಲ್ಲದೆ ಹೊರಗೆ ಒಯ್ಯುವಂತಿಲ್ಲ. ಆ ಜೀವಿಯ ಹೆಸರು ಕಾಯ್ದೆಯ ಅನುಸೂಚಿಯಲ್ಲಿ ಇಲ್ಲ ಎಂಬುದು ವಿನಾಯಿತಿಯಾಗುವುದಿಲ್ಲ. ಸಂಶೋಧನೆಗೆ ಮಾದರಿ ಸಂಗ್ರಹಿಸಲು ರಾಜ್ಯದ ಮುಖ್ಯ ವನ್ಯಜೀವಿ ಪರಿಪಾಲಕರ ಅನುಮತಿ ಪಡೆಯಬೇಕು. ಸಾಮಾನ್ಯವಾಗಿ ಇದು ಒಂದು ಕಾಲೇಜು, ವಿಶ್ವವಿದ್ಯಾಲಯ ಅಥವಾ ಸಂಶೋಧನಾ ಸಂಸ್ಥೆಯ ಮೂಲಕ, ಯಾವ ಉದ್ದೇಶಕ್ಕೆ, ಎಲ್ಲಿ, ಎಷ್ಟು ಮಾದರಿ ಎಂಬ ವಿವರದೊಂದಿಗೆ ಸಲ್ಲಿಸುವ ಅರ್ಜಿ. ಚಾರಣದ ಟಿಕೆಟ್ ಈ ಅನುಮತಿಯಲ್ಲ. ಧಾಮದ ಹೊರಗಿನ ಮೀಸಲು ಅರಣ್ಯಕ್ಕೆ 1963ರ ಕರ್ನಾಟಕ ಅರಣ್ಯ ಕಾಯ್ದೆ ಅನ್ವಯವಾಗುವುದರಿಂದ ಅಲ್ಲಿಯೂ ಇಲಾಖೆಯನ್ನು ಕೇಳಲೇಬೇಕು, ಅಡಿಕೆ ತೋಟಕ್ಕೆ ಹೊಂದಿಕೊಂಡ ಸೊಪ್ಪಿನಬೆಟ್ಟವನ್ನೂ ಸ್ವಂತ ಜಾಗವೆಂದು ಭಾವಿಸಬಾರದು. ಅನುಮತಿ ಕೈಗೆ ಬರಲು ತಿಂಗಳುಗಳೇ ಹಿಡಿಯಬಹುದು. ಅಲ್ಲಿಯವರೆಗೆ ಕ್ಯಾಮೆರಾ ಮತ್ತು ಟಿಪ್ಪಣಿ ಪುಸ್ತಕ ಸಾಕು. ನಿಮ್ಮ ಸ್ವಂತ ತೋಟದಲ್ಲಿ ನೋಡಲು ಸಿಗುವ ಜೇಡಗಳೇ ಒಂದು ವರ್ಷದ ಅಭ್ಯಾಸಕ್ಕೆ ಸಾಕಾಗುತ್ತವೆ.

ಕೊಲ್ಲಲೇಬೇಕಾ? ಚೆನ್ನಾಗಿ ಫೋಟೋ ತೆಗೆದರೆ ಆಗಲ್ವಾ?

ಕೆಲವಕ್ಕೆ ಆಗುತ್ತದೆ. ಕಲ್ಲಿನಂತೆ ಗಟ್ಟಿಯಾದ ಹೊಟ್ಟೆಯಲ್ಲಿ ಮುಳ್ಳುಗಳಿರುವ ಗ್ಯಾಸ್ಟೆರಕಾಂತಾ ಜೆಮಿನಾಟಾ, ಬಂಗಾರದ ಬಣ್ಣದ ಬಲೆಯ ನೆಫಿಲಾ ಪೈಲಿಪೆಸ್, ಗೆದ್ದಲು ಹತ್ತಿದ ಬೇಲಿಯಲ್ಲೂ ಗುರುತಿಸಬಹುದಾದ ಸಾಮಾಜಿಕ ಜೇಡ ಸ್ಟೆಗೊಡೈಫಸ್ ಸರಸಿನೋರಮ್ ಇವನ್ನು ಚಿತ್ರದಿಂದಲೇ ಹೇಳಬಹುದು. ಅಂಥವನ್ನು ಸೀಸೆಗೆ ಹಾಕುವುದು ಅನಗತ್ಯ. ಉಳಿದ ಹೆಚ್ಚಿನವುಗಳ ಪ್ರಭೇದ ನಿರ್ಧಾರವಾಗುವುದು ಪ್ರೌಢ ಜೇಡದ ಜನನಾಂಗದ ರಚನೆಯಿಂದ, ಅದು ಸೂಕ್ಷ್ಮದರ್ಶಕದ ಕೆಳಗೆ ಮಾತ್ರ ಕಾಣುತ್ತದೆ. ಹಾಗಿದ್ದರೂ ಫೋಟೋ ಮೊದಲು, ಸಂಗ್ರಹ ಆಮೇಲೆ. ಹಸಿರು ಲಿಂಕ್ಸ್ ಜೇಡ ಪ್ಯುಸೆಷಿಯಾದ ಬಣ್ಣವಾಗಲಿ, ಲ್ಯೂಕಾಜ್‌ನ ಹೊಟ್ಟೆಯ ಬೆಳ್ಳಿಯ ಹೊಳಪಾಗಲಿ ಆಲ್ಕೋಹಾಲಿನಲ್ಲಿ ಉಳಿಯುವುದಿಲ್ಲ. ಜೀವಂತ ಬಣ್ಣದ ದಾಖಲೆ ಬೇಕಿದ್ದರೆ ಕಾಡಿನಲ್ಲೇ ಮಾಡಿಕೊಳ್ಳಬೇಕು.

ಯಾವ ತಿಂಗಳು ಹೋದರೆ ಹೆಚ್ಚು ಸಿಗುತ್ತವೆ?

ಅಕ್ಟೋಬರ್‌ನಿಂದ ಡಿಸೆಂಬರ್ ಮೊದಲ ವಾರದವರೆಗಿನ ಅವಧಿಯೇ ನನ್ನ ಆಯ್ಕೆ. ಮುಂಗಾರಿನಲ್ಲಿ ಹುಟ್ಟಿ ಬೆಳೆದ ಬಲೆ ಜೇಡಗಳು ಆಗ ಪ್ರೌಢವಾಗಿರುತ್ತವೆ, ಬೆಳಗಿನ ಮಂಜು ಬಲೆಗಳನ್ನು ತಾನೇ ತೋರಿಸಿಕೊಡುತ್ತದೆ, ಹಾದಿಯೂ ನಡೆಯುವಷ್ಟು ಒಣಗಿರುತ್ತದೆ. ಜೂನ್‌ನಿಂದ ಸೆಪ್ಟೆಂಬರ್ ನಡುವೆ ಹನಿಯುವ ಎಲೆಗಳನ್ನು ಬಡಿದು ಪ್ರಯೋಜನವಿಲ್ಲ. ಇಲಾಖೆ ಹಾದಿಯನ್ನು ಮುಚ್ಚಿರುವುದೂ ಉಂಟು.

ಜೇಡ ಕಚ್ಚಿದರೆ ಗತಿ ಏನು?

ಉಲೊಬೊರಿಡೇ ಎಂಬ ಕುಟುಂಬದಂಥ ಕೆಲವನ್ನು ಬಿಟ್ಟರೆ ಜೇಡಗಳಿಗೆಲ್ಲ ವಿಷಗ್ರಂಥಿಯಿದೆ. ಆದರೆ ಅದು ಕೀಟಗಳ ಗಾತ್ರಕ್ಕೆ ಒಪ್ಪುವ ವಿಷ, ಮತ್ತು ಹೆಚ್ಚಿನವುಗಳ ಹಲ್ಲು ನಮ್ಮ ಚರ್ಮವನ್ನು ದಾಟುವುದೇ ಇಲ್ಲ. ನಿಜವಾಗಿ ಎಚ್ಚರವಿರಬೇಕಾದದ್ದು ಮರದ ಪೊಟರೆಯಲ್ಲಿ ವಾಸಿಸುವ ಪೀಸಿಲೋಥೀರಿಯಾ ಟರಾಂಟುಲಾಗಳ ಬಗ್ಗೆ: ಅವು ಕಚ್ಚಿದರೆ ತೀವ್ರ ನೋವು, ಸ್ನಾಯು ಸೆಳೆತ ಕಾಣಿಸಿಕೊಳ್ಳಬಹುದು ಮತ್ತು ಆಸ್ಪತ್ರೆಗೆ ಹೋಗಬೇಕಾಗುತ್ತದೆ. ಬರಿಗೈಯಲ್ಲಿ ಹಿಡಿಯದೆ ಸೀಸೆಯ ಬಾಯನ್ನು ಜೇಡದ ಮುಂದೆ ಇಟ್ಟು ಹಿಂದಿನಿಂದ ಮುಚ್ಚಳ ತಂದರೆ ಕಚ್ಚಿಸಿಕೊಳ್ಳುವ ಪ್ರಸಂಗವೇ ಬರುವುದಿಲ್ಲ. ಪೊಟರೆಗೆ, ಕಲ್ಲಿನ ಸಂದಿಗೆ ಕೈ ಹಾಕಬಾರದೆಂಬ ನಿಯಮ ಜೇಡಕ್ಕಿಂತ ಹೆಚ್ಚಾಗಿ ಹಾವಿಗಾಗಿ.

ಉಂಬಳ ಸರಿ, ಉಣುಗಿನ ಬಗ್ಗೆ ಯಾಕಿಷ್ಟು ಹೆದರಿಸುತ್ತೀರಿ?

ಉಂಬಳ ರಕ್ತ ಕುಡಿದು ಬಿಡುತ್ತದೆ, ಹೊಗೆಸೊಪ್ಪು ಅಥವಾ ಸುಣ್ಣ ತಾಗಿಸಿದರೆ ಬೀಳುತ್ತದೆ, ಕೆರೆತವೊಂದು ಉಳಿಯುತ್ತದೆ. ಉಣುಗಿನ ವಿಷಯ ಬೇರೆ. ಮಂಗನ ಕಾಯಿಲೆ 1957ರಲ್ಲಿ ಮೊದಲು ಗುರುತಿಸಲ್ಪಟ್ಟದ್ದು ಇದೇ ಶಿವಮೊಗ್ಗ ಜಿಲ್ಲೆಯ ಸೊರಬ ಸೀಮೆಯ ಕ್ಯಾಸನೂರು ಕಾಡಿನಲ್ಲಿ. ಅದನ್ನು ಹರಡುವ ಮುಖ್ಯ ಜೀವಿ ಹೀಮಾಫೈಸಾಲಿಸ್ ಸ್ಪಿನಿಜೆರಾ ಎಂಬ ಉಣುಗು. ಮಳೆ ನಿಂತ ಮೇಲೆ ಅದರ ಮರಿಗಳು ತರಗೆಲೆಯ ಮೇಲೆ ಹೆಚ್ಚುತ್ತವೆ, ರೋಗದ ಪ್ರಕರಣಗಳು ಸಾಮಾನ್ಯವಾಗಿ ಡಿಸೆಂಬರ್‌ನಿಂದ ಮೇ ತನಕ ಕಾಣುತ್ತವೆ. ಜೇಡ ಸಂಗ್ರಾಹಕರು ಮಾಡುವುದು ತರಗೆಲೆಯನ್ನು ಕೈಯಾರೆ ಕೆದಕುವ ಕೆಲಸವಾದ್ದರಿಂದ ಅಪಾಯ ನಮಗೆ ಉಳಿದ ಚಾರಣಿಗರಿಗಿಂತ ಹೆಚ್ಚು. ಆ ತಿಂಗಳುಗಳಲ್ಲಿ ಜರಡಿಯ ಕೆಲಸವನ್ನು ಕೈಬಿಡುವುದು ಲೇಸು. ಹೊರಡುವ ಮೊದಲು ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಆ ಭಾಗದ ಸ್ಥಿತಿ ವಿಚಾರಿಸಿ, ಅಲ್ಲಿ ಕೊಡುವ ತೈಲ ಹಚ್ಚಿಕೊಂಡು, ಪ್ಯಾಂಟನ್ನು ಕಾಲುಚೀಲದೊಳಗೆ ಸೇರಿಸಿ ನಡೆಯಿರಿ. ಮಂಗ ಸತ್ತು ಬಿದ್ದದ್ದು ಕಂಡರೆ ಅಲ್ಲಿಂದ ಹಿಂತಿರುಗಿ ಅರಣ್ಯ ಅಥವಾ ಆರೋಗ್ಯ ಸಿಬ್ಬಂದಿಗೆ ತಿಳಿಸಬೇಕು. ಮನೆಗೆ ಬಂದೊಡನೆ ಬಿಸಿನೀರಿನ ಸ್ನಾನ, ಬಟ್ಟೆಗಳಿಗೂ ಬಿಸಿನೀರು.

## ಹಾದಿಯಲ್ಲಿ

ಚೀಲದಲ್ಲಿ ಏನೇನು ಇಟ್ಟುಕೊಳ್ಳಬೇಕು?

ಮುಚ್ಚಳ ಬಿಗಿಯಾದ ಸಣ್ಣ ಪ್ಲಾಸ್ಟಿಕ್ ಸೀಸೆಗಳು, ಮೆತ್ತಗಿನ ಚಿಮಟ, ಬಣ್ಣ ಹಚ್ಚುವ ತೆಳು ಕುಂಚ, ಹತ್ತು ಪಟ್ಟು ಹಿಗ್ಗಿಸುವ ಮಸೂರ, ತಿಳಿಬಣ್ಣದ ಬಟ್ಟೆಯ ಕೊಡೆ, ಒಂದು ಗಟ್ಟಿ ಕೋಲು, ಅರ್ಧ ಸೆಂಟಿಮೀಟರ್ ಕಣ್ಣಿನ ಜರಡಿ, ಬಿಳಿ ಬಟ್ಟೆ, ಸೀಸದ ಕಡ್ಡಿ, ದಪ್ಪ ಕಾಗದ. ಜೊತೆಗೆ ಅನುಮತಿ ಪತ್ರದ ಪ್ರತಿ. ತಪಾಸಣೆಯ ಗೇಟಿನಲ್ಲಿ ಮೊಬೈಲಿನ ಚಿತ್ರ ತೋರಿಸುವುದಕ್ಕಿಂತ ಕಾಗದ ಕೊಡುವುದು ಇಬ್ಬರಿಗೂ ಸುಲಭ. ಜೀವಂತ ಒಯ್ಯುವುದಾದರೆ ಒಂದು ಸೀಸೆಯಲ್ಲಿ ಒಂದೇ ಜೇಡ. ಎರಡಿಟ್ಟರೆ ಸಂಜೆಗೆ ಒಂದೇ ಉಳಿದಿರುತ್ತದೆ.

ಬೆಳಿಗ್ಗೆಯಿಂದ ಸಂಜೆವರೆಗೆ ಏನು ಮಾಡುತ್ತೀರಿ?

ನಿಟ್ಟೂರು ಕಡೆಯಿಂದ ಹಿಡ್ಲುಮನೆ ಜಲಪಾತದ ಹಾದಿ ಹಿಡಿದರೆ ಮೊದಲ ಎರಡು ಗಂಟೆ ಬಲೆಗಳಿಗೆ ಮೀಸಲು. ಬಿಸಿಲು ಇನ್ನೂ ಓರೆಯಾಗಿದ್ದಾಗ ಹಾದಿಯ ಬದಿಯ ಪೊದೆಗಳಲ್ಲಿ ಗುಂಡುಬಲೆಗಳು ಸ್ಪಷ್ಟವಾಗಿ ಕಾಣುತ್ತವೆ. ಮಂಜಿಲ್ಲದ ದಿನ ಕಾರ್ನ್‌ಫ್ಲೋರನ್ನು ಸಣ್ಣ ಬಟ್ಟೆಯಲ್ಲಿ ಕಟ್ಟಿ ಮೆಲ್ಲಗೆ ತಟ್ಟಿದರೆ ಕಾಣದ ನೂಲೂ ಕಾಣುತ್ತದೆ. ಸಿಗ್ನೇಚರ್ ಜೇಡ ಅರ್ಜಿಯೋಪೆ ತನ್ನ ಬಲೆಯ ನಡುವೆ ಅಂಕುಡೊಂಕಿನ ಬಿಳಿ ಪಟ್ಟಿ ನೇಯ್ದು ಅದರ ಮೇಲೆ ಕಾಲುಗಳನ್ನು ಎರಡೆರಡಾಗಿ ಜೋಡಿಸಿ ಕುಳಿತಿರುತ್ತದೆ. ಅದರ ಪಕ್ಕದಲ್ಲೇ ಬಲೆಯ ಮಧ್ಯೆ ನೇರವಾದ ಕಸದ ಗೆರೆಯೊಂದು ಕಂಡರೆ ಮುಂದೆ ಹೋಗಬೇಡಿ. ತಿಂದುಳಿದ ಕೀಟಗಳ ಚೂರು, ತೊಗಟೆಯ ಪುಡಿ ಸೇರಿಸಿ ಕಟ್ಟಿದ ಆ ಗೆರೆಯ ನಡುವೆ ಅದೇ ಬಣ್ಣದ ಉಬ್ಬೊಂದಿರುತ್ತದೆ, ಹುಲ್ಲುಕಡ್ಡಿ ತಾಗಿಸಿದರೆ ಆ ಉಬ್ಬು ಕಾಲು ಬಿಚ್ಚುತ್ತದೆ: ಅದು ಸೈಕ್ಲೋಸಾ.

ಹೊತ್ತೇರಿದಂತೆ ಕಣ್ಣು ಕಾಂಡಗಳಿಗೆ ಹೋಗಬೇಕು. ಕಲ್ಲುಹೂ ಬೆಳೆದ ತೊಗಟೆಯ ಮೇಲೆ ಚಪ್ಪಟೆಯಾಗಿ ಮಲಗಿರುವ ಹರ್ಸಿಲಿಯಾ, ಬಾಲದಂಥ ಎರಡು ಉದ್ದ ನೂಲಂಗಗಳಿಂದಲೇ ಗುರುತಾಗುತ್ತದೆ. ನಾವು ಒಂದು ಕಡೆಯಿಂದ ಸುತ್ತಿದರೆ ಅದು ಇನ್ನೊಂದು ಕಡೆಗೆ ಸರಿಯುತ್ತದೆ, ಹಾಗಾಗಿ ಇಬ್ಬರಿದ್ದರೆ ಅನುಕೂಲ. ಮಧ್ಯಾಹ್ನ ಜಿಗಿಯುವ ಜೇಡಗಳ ಹೊತ್ತು. 6,000ಕ್ಕೂ ಹೆಚ್ಚು ಪ್ರಭೇದಗಳಿರುವ ಈ ಕುಟುಂಬವೇ ಜೇಡಗಳಲ್ಲಿ ಅತಿ ದೊಡ್ಡದು. ಅವು ಬೇಟೆಯನ್ನು ಕಣ್ಣಿನಿಂದ ಅಳೆಯುವುದರಿಂದ ಬಿಸಿಲು ಬೀಳುವ ಎಲೆಗಳನ್ನು ಇಷ್ಟಪಡುತ್ತವೆ. ನೆತ್ತಿಯ ಹುಲ್ಲುಗಾವಲಿನಲ್ಲಿ ಗಾಳಿಗೆ ಬಲೆ ನಿಲ್ಲುವುದು ಕಷ್ಟ, ಅಲ್ಲಿ ಹುಲ್ಲಿನ ಬುಡದಲ್ಲಿ ಓಡುವ ತೋಳ ಜೇಡಗಳನ್ನೂ ತೆನೆಗಳಲ್ಲಿ ಅಡಗಿದ ಲಿಂಕ್ಸ್ ಜೇಡಗಳನ್ನೂ ಹುಡುಕಬೇಕು. ಸರ್ವಜ್ಞ ಪೀಠದ ಬಳಿ ಜನಸಂದಣಿ ಇರುವುದರಿಂದ ಅಲ್ಲಿ ಸಂಗ್ರಹಕ್ಕೆ ಇಳಿಯದಿರುವುದು ಮೇಲು. ಒಬ್ಬರು ಬಗ್ಗಿ ನೋಡಿದರೆ ಹತ್ತು ಮಂದಿ ಸುತ್ತುವರಿಯುತ್ತಾರೆ. ಇಳಿಯುವಾಗ ಹೊಸ ಜಾಗ ಹುಡುಕದೆ, ಹತ್ತುವಾಗ ಗುರುತು ಮಾಡಿಕೊಂಡದ್ದನ್ನು ಮಾತ್ರ ನೋಡಿ, ಕತ್ತಲೆಗೆ ಮೊದಲು ಕಾಡು ಬಿಡಬೇಕು.

ಕೊಡೆ ತಲೆಕೆಳಗೆ ಹಿಡಿದು ಗಿಡಕ್ಕೆ ಯಾಕೆ ಹೊಡೆಯುತ್ತೀರಿ?

ಎಲೆಗಳ ನಡುವೆ ಅಡಗಿರುವ ಜೇಡ ಕಣ್ಣಿಗೆ ಬೀಳುವುದು ಅಪರೂಪ. ಬಿಚ್ಚಿದ ಕೊಡೆಯನ್ನು ಕೊಂಬೆಯ ಅಡಿಗೆ ತಲೆಕೆಳಗಾಗಿ ಹಿಡಿದು, ಕೊಂಬೆ ಮುರಿಯದಂತೆ ಮೂರು ನಾಲ್ಕು ಬಾರಿ ಗಟ್ಟಿಯಾಗಿ ತಟ್ಟಿದರೆ ಒಣಗಿದ ಎಲೆ, ಕಡ್ಡಿ, ಜೀರುಂಡೆಗಳ ಜೊತೆ ಜೇಡಗಳೂ ಉದುರುತ್ತವೆ. ಹೊಸಬರು ಓಡುವವುಗಳ ಹಿಂದೆ ಬೀಳುತ್ತಾರೆ. ಆದರೆ ಒಳ್ಳೆಯ ಜೇಡಗಳು ಹೆಚ್ಚಾಗಿ ಓಡುವುದಿಲ್ಲ. ಕಾಲು ಮಡಚಿಕೊಂಡು ಕಸದ ಚೂರಿನಂತೆ ಬಿದ್ದಿರುತ್ತವೆ. ಉಸಿರು ಬಿಗಿಹಿಡಿದು ಅರ್ಧ ನಿಮಿಷ ಕಾದರೆ ಅಲ್ಲೊಂದು ತೊಗಟೆಯ ಚೂರು, ಇಲ್ಲೊಂದು ಮೊಗ್ಗು ನಿಧಾನವಾಗಿ ನಡೆಯತೊಡಗುತ್ತವೆ. ಏಡಿ ಜೇಡಗಳು ಸಿಗುವುದೇ ಹೀಗೆ.

ದೊಡ್ಡ ಹಳದಿ ಬಲೆಯ ಜೇಡದ ಹತ್ತಿರ ಇರುವ ಸಣ್ಣ ಜೇಡಗಳು ಅದರ ಮರಿಗಳಾ?

ಮರಿಗಳಲ್ಲ. ನೆಫಿಲಾ ಪೈಲಿಪೆಸ್ ಹೆಣ್ಣಿನ ದೇಹವೇ ನಾಲ್ಕು ಸೆಂಟಿಮೀಟರ್ ತಲುಪುತ್ತದೆ. ಬಲೆಯ ಮೇಲ್ಭಾಗದಲ್ಲಿ ಸುಳಿದಾಡುವ, ಐದಾರು ಮಿಲಿಮೀಟರಿನ ಕಂದು ಜೇಡ ಅದರ ಗಂಡು. ಅದೇ ಬಲೆಯಲ್ಲಿ ಬೆಳ್ಳಿಯಂತೆ ಹೊಳೆಯುವ ಮೊನಚು ಹೊಟ್ಟೆಯ ಇನ್ನೂ ಸಣ್ಣವು ಕಂಡರೆ ಅವು ಆರ್ಗಿರೋಡಿಸ್, ಹೆಣ್ಣು ಗಮನಿಸದ ಚಿಕ್ಕ ಬೇಟೆಗಳನ್ನು ಕದ್ದು ತಿನ್ನುವ ಬೇರೆಯೇ ಕುಟುಂಬದವು. ನೆಫಿಲಾವನ್ನು ಮುಟ್ಟದೆ ಕಳ್ಳನನ್ನೊಂದು ಹಿಡಿಯುವುದು ಜಾಣತನ.

ಇರುವೆ ಅಂದುಕೊಂಡು ಬಿಟ್ಟದ್ದು ಜೇಡವಾಗಿರಬಹುದಾ?

ಆಗಿರಬಹುದು. ಮಲೆನಾಡಿನಲ್ಲಿ ಚಟ್ನಿ ಅರೆಯುವ ಚಗಳಿ ಇರುವೆಗಳ ಗೂಡಿನ ಹತ್ತಿರ ಮಿರ್ಮಾಪ್ಲಾಟಾ ಪ್ಲಾಟಲಿಯಾಯ್ಡಿಸ್ ಎಂಬ ಜಿಗಿಯುವ ಜೇಡ ಅದೇ ಕೆಂಬಣ್ಣ, ಅದೇ ನಡಿಗೆಯಲ್ಲಿ ತಿರುಗುತ್ತದೆ. ಮುಂದಿನ ಎರಡು ಕಾಲುಗಳನ್ನು ಮೀಸೆಯಂತೆ ಎತ್ತಿ ಅಲುಗಿಸುವುದರಿಂದ ಕಾಲು ಎಣಿಸಿದರೂ ಮೊದಲ ನೋಟಕ್ಕೆ ಆರೇ ಸಿಗುತ್ತವೆ. ಎಲೆಯಿಂದ ಕೆಡವಿ ನೋಡಿ: ಇರುವೆ ನೆಲಕ್ಕೆ ಬೀಳುತ್ತದೆ, ಜೇಡ ನೂಲಿನಲ್ಲಿ ತೂಗುತ್ತದೆ.

ದರೆಯ ಮಣ್ಣಿನಲ್ಲಿ ಬಾಗಿಲಿರುವ ಗೂಡು ಸಿಕ್ಕಿತು. ಅಗೆದು ತೆಗೆಯಬಹುದಾ?

ಬೇಡ. ಹಾದಿ ಕಡಿದ ದರೆಗಳಲ್ಲಿ ಪಾಚಿ ಹೊದ್ದ ನಾಣ್ಯದಗಲದ ಮುಚ್ಚಳ, ಅದರ ಒಂದು ಅಂಚಿಗೆ ನೂಲಿನ ಕೀಲು, ಇದು ಬಾಗಿಲು ಜೇಡದ ಬಿಲ. ಈ ಗುಂಪಿನ ಹೆಣ್ಣುಗಳು ಬಹಳ ವರ್ಷ ಒಂದೇ ಬಿಲದಲ್ಲಿರುತ್ತವೆ. ಆಸ್ಟ್ರೇಲಿಯಾದಲ್ಲಿ ಸಂಶೋಧಕರು 1974ರಿಂದ ಗಮನಿಸುತ್ತ ಬಂದ ಇದೇ ಬಗೆಯ ಹೆಣ್ಣೊಂದು 43 ವರ್ಷ ಬದುಕಿತ್ತು. ಹೆಣ್ಣನ್ನು ಅಗೆದು ತೆಗೆದರೆ ಆ ದರೆಯ ಸಂತತಿಗೇ ಪೆಟ್ಟು. ಪ್ರಭೇದ ಗುರುತಿಸಲು ಹೆಚ್ಚು ನೆರವಾಗುವ ಗಂಡುಗಳು ಮಳೆಯ ನಂತರ ಬಿಲ ಬಿಟ್ಟು ಅಲೆಯುತ್ತವೆ. ಟರಾಂಟುಲಾಗಳಿಗೂ ಇದೇ ಮಾತು, ಇನ್ನೂ ಬಿಗಿಯಾಗಿ. ಸಾಕುವ ಹವ್ಯಾಸಿಗಳಿಗಾಗಿ ನಡೆಯುವ ಮಾರಾಟದಿಂದ ಪೀಸಿಲೋಥೀರಿಯಾ ಕುಲಕ್ಕೆ ಕುತ್ತು ಬಂದಿದ್ದು, 2019ರಲ್ಲಿ ಅದನ್ನು ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಣದ ಸೈಟಿಸ್ ಒಪ್ಪಂದದ ಎರಡನೆಯ ಪಟ್ಟಿಗೆ ಸೇರಿಸಲು ತೀರ್ಮಾನಿಸಲಾಯಿತು. ಅಂಥದ್ದು ಕಂಡರೆ ಅಂತರ್ಜಾಲದಲ್ಲಿ ನಿಖರ ಜಾಗ ಹಾಕಬೇಡಿ. ಚಿತ್ರ ನೋಡಿ ಜಾಗ ಕೇಳುವವರೆಲ್ಲ ವಿದ್ಯಾರ್ಥಿಗಳಲ್ಲ.

ತರಗೆಲೆ ಜರಡಿ ಹಿಡಿದರೆ ಏನು ಸಿಗುತ್ತದೆ?

ಕೊಡಚಾದ್ರಿಯಂಥ ಕಾಡಿನಲ್ಲಿ ಅತಿ ಕಡಿಮೆ ತಿಳಿದಿರುವ ಜೇಡಗಳು ಇಲ್ಲೇ ಇವೆ. ದೊಡ್ಡ ಮರದ ಬೇರುಗಳ ನಡುವೆ ತೇವವಿರುವ ತರಗೆಲೆಯನ್ನು ಜರಡಿಗೆ ಹಾಕಿ ಬಿಳಿ ಬಟ್ಟೆಯ ಮೇಲೆ ಅಲುಗಿಸಿದರೆ ಎರಡು ಮಿಲಿಮೀಟರಿನ, ಕಿತ್ತಳೆ ಬಣ್ಣದ, ಆರೇ ಕಣ್ಣಿನ ಊನೊಪಿಡೇ ಜೇಡಗಳು ಧೂಳಿನ ನಡುವಿನಿಂದ ಚುರುಕಾಗಿ ಹೊರಡುತ್ತವೆ. ಒದ್ದೆ ಕುಂಚದ ತುದಿಗೆ ಅಂಟಿಸಿ ಸೀಸೆಗೆ ಹಾಕಬೇಕು, ಚಿಮಟದಲ್ಲಿ ಹಿಡಿದರೆ ನಜ್ಜುಗುಜ್ಜಾಗುತ್ತವೆ. ಕೆಲಸ ಮುಗಿದ ಮೇಲೆ ತರಗೆಲೆಯನ್ನು ತೆಗೆದ ಜಾಗಕ್ಕೇ ಹರಡಿ.

## ಮನೆಗೆ ಬಂದ ಮೇಲೆ

ಯಾವ ಸ್ಪಿರಿಟ್‌ನಲ್ಲಿ ಹಾಕಿಡಬೇಕು?

ಶೇ. 70ರಿಂದ 80ರ ಎಥನಾಲ್. ಡಿಎನ್‌ಎ ಪರೀಕ್ಷೆಗೆಂದು ಉದ್ದೇಶಿಸಿದ್ದರೆ ಶೇ. 95, ಮತ್ತು ಆದಷ್ಟು ತಣ್ಣನೆಯ ಜಾಗ. ಆದರೆ ಅದರಲ್ಲಿ ಜೇಡ ಪೆಡಸಾಗಿ ಕಾಲು ಮುರಿಯುತ್ತದೆ. ಶುದ್ಧ ಎಥನಾಲ್ ಅಬಕಾರಿ ನಿಯಮದ ವಸ್ತುವಾದ್ದರಿಂದ ಸಂಸ್ಥೆಯ ಮೂಲಕವೇ ಪಡೆಯಬೇಕಾಗುತ್ತದೆ. ಔಷಧಿ ಅಂಗಡಿಯ ಐಸೊಪ್ರೊಪೈಲ್ ಆಲ್ಕೋಹಾಲ್ ತಾತ್ಕಾಲಿಕವಾಗಿ ನಡೆಯುತ್ತದೆ. ದೇಹದ ನೀರು ಸೇರಿ ಎಥನಾಲ್ ತೆಳುವಾಗುವುದರಿಂದ ಮರುದಿನ ಒಮ್ಮೆ ಬದಲಿಸಿ.

ಸೀಸೆಯೊಳಗಿನ ಚೀಟಿಗೆ ಅಷ್ಟು ಮಹತ್ವ ಯಾಕೆ?

ಚೀಟಿಯಿಲ್ಲದ ಜೇಡ ಯಾವ ಅಧ್ಯಯನಕ್ಕೂ ಒದಗುವುದಿಲ್ಲ, ಅದನ್ನು ಕೊಂದದ್ದು ದಂಡ. ದೇಶ, ರಾಜ್ಯ, ಜಿಲ್ಲೆ, ತಾಲ್ಲೂಕು, ಜಾಗ, ಅಕ್ಷಾಂಶ ರೇಖಾಂಶಗಳು ದಶಮಾಂಶದ ನಾಲ್ಕು ಸ್ಥಾನದವರೆಗೆ, ಎತ್ತರ, ದಿನಾಂಕ, ಸಂಗ್ರಹಿಸಿದವರು, ವಿಧಾನ ಇಷ್ಟೂ ಇರಬೇಕು. ಆಮೇಲೆ “ಶೋಲಾ ಅಂಚಿನಲ್ಲಿ, ನೆಲದಿಂದ ಒಂದು ಮೀಟರ್, ಎಲೆಯ ಅಡಿಯಲ್ಲಿ ಮೊಟ್ಟೆಚೀಲ ಕಾಯುತ್ತಿತ್ತು” ಎಂಬಂಥ ಒಂದು ಸಾಲು ಸೇರಿದರೆ ಆ ಮಾದರಿಯ ಬೆಲೆ ಇಮ್ಮಡಿಯಾಗುತ್ತದೆ. ಸೀಸದ ಕಡ್ಡಿಯಲ್ಲಿ ಬರೆದು ಸೀಸೆಯ ಒಳಗೇ ಹಾಕಿ. ಬಾಲ್‌ಪೆನ್ನಿನ ಶಾಯಿ ಆಲ್ಕೋಹಾಲಿನಲ್ಲಿ ಕರಗುತ್ತದೆ, ಹೊರಗೆ ಅಂಟಿಸಿದ ಚೀಟಿ ಉದುರುತ್ತದೆ. ರಾತ್ರಿ ನೆನಪಿನಿಂದ ಬರೆಯುವೆನೆಂದು ಬಿಡಬಾರದು, ಹಿಡಿದ ಜಾಗದಲ್ಲೇ ಬರೆಯಬೇಕು.

ಇದು ಯಾವ ಜೇಡ ಅಂತ ನೋಡಿದ ಕೂಡಲೇ ಹೇಳಬಹುದಾ?

ಕುಟುಂಬವನ್ನು ಸಾಮಾನ್ಯವಾಗಿ ಹೇಳಬಹುದು. ಕಣ್ಣುಗಳ ಜೋಡಣೆ ಒಳ್ಳೆಯ ಸುಳಿವು: ತೋಳ ಜೇಡಕ್ಕೆ ಮುಂದೆ ನಾಲ್ಕು ಸಣ್ಣ ಕಣ್ಣು, ಅದರ ಮೇಲೆ ಎರಡು ದೊಡ್ಡವು, ಹಿಂದೆ ಮತ್ತೆರಡು, ಜಿಗಿಯುವ ಜೇಡಕ್ಕೆ ಮುಖದ ತುಂಬ ಎರಡು ದೊಡ್ಡ ಕಣ್ಣು. ಪ್ರಭೇದಕ್ಕೆ ಬಂದರೆ ಗಂಡಿನ ಬಾಯಿಯ ಬದಿಯ ಪಾಲ್ಪ್ ಎಂಬ ಅಂಗದ ತುದಿಯ ಗಡ್ಡೆಯನ್ನೂ ಹೆಣ್ಣಿನ ಹೊಟ್ಟೆಯ ಅಡಿಯ ಎಪಿಜೈನ್ ಎಂಬ ಫಲಕವನ್ನೂ ನೋಡಬೇಕು. ಹೆಣ್ಣಿನ ಒಳರಚನೆ ಕಾಣಬೇಕಾದರೆ ಆ ಫಲಕವನ್ನು ಬಿಡಿಸಿ ಲವಂಗದ ಎಣ್ಣೆಯಲ್ಲಿಟ್ಟು ಪಾರದರ್ಶಕವಾಗಿಸುತ್ತಾರೆ. ಈ ಅಂಗಗಳು ಬೆಳೆಯದ ಮರಿ ಜೇಡಗಳಿಗೆ ಹೆಚ್ಚಿನ ಸಂದರ್ಭಗಳಲ್ಲಿ ಪ್ರಭೇದದ ಹೆಸರು ಸಿಗುವುದಿಲ್ಲ. ಆದ್ದರಿಂದ ಕಾಡಿನಲ್ಲೇ ಮಸೂರ ಹಿಡಿದು ನೋಡಿ, ಪಾಲ್ಪ್ ಉಬ್ಬಿರದ ಮರಿಗಳನ್ನು ಅಲ್ಲೇ ಬಿಟ್ಟುಬಿಡುವುದು ಅಭ್ಯಾಸವಾಗಬೇಕು.

## ಮುಂದುವರಿದ ಪ್ರಶ್ನೆಗಳು

ಒಂದೇ ದಿನದ ಸಂಗ್ರಹವನ್ನು ಬೇರೆ ಬೆಟ್ಟದ ಜೊತೆ ಹೋಲಿಸಬಹುದಾ?

ಶ್ರಮವನ್ನು ಅಳೆದಿದ್ದರೆ ಮಾತ್ರ. ಸಮೀಕ್ಷೆಗಳಲ್ಲಿ ಒಬ್ಬ ವ್ಯಕ್ತಿ, ಒಂದು ವಿಧಾನ, ಒಂದು ಗಂಟೆ ಎಂಬುದನ್ನು ಒಂದು ಮಾನವಾಗಿ ಇಟ್ಟುಕೊಳ್ಳುವ ಪದ್ಧತಿಯಿದೆ: ಮೊಣಕಾಲಿನ ಕೆಳಗೆ ಹುಡುಕಿದ್ದು ಒಂದು ಗಂಟೆ, ಮೊಣಕಾಲಿನ ಮೇಲೆ ಒಂದು, ಕೊಂಬೆ ಬಡಿದದ್ದು ಒಂದು, ಜರಡಿ ಹಿಡಿದದ್ದು ಒಂದು. ಪ್ರತಿ ಗಂಟೆಯ ಸೀಸೆಗಳು ಬೇರೆ ಚೀಲದಲ್ಲಿ. ಹೀಗಿದ್ದರೆ ಕೊಡಚಾದ್ರಿಯ ನಾಲ್ಕು ಗಂಟೆಯನ್ನು ಕುದುರೆಮುಖದ ನಾಲ್ಕು ಗಂಟೆಯ ಪಕ್ಕ ಇಡಬಹುದು. ಆದರೂ ಪಟ್ಟಿ ಪೂರ್ಣವೆಂದು ಭಾವಿಸಬಾರದು. ಉಷ್ಣವಲಯದ ಸಂಧಿಪದಿ ಸಮೀಕ್ಷೆಗಳಲ್ಲಿ ಸರಾಸರಿ ಮೂರನೇ ಒಂದು ಭಾಗದಷ್ಟು ಪ್ರಭೇದಗಳು ಒಂದೇ ಒಂದು ಮಾದರಿಯಿಂದ ತಿಳಿದಿರುತ್ತವೆ, ಅಂದರೆ ಇನ್ನೂ ಒಂದು ದಿನ ಹೋದರೆ ಇನ್ನಷ್ಟು ಹೊಸ ಹೆಸರು ಸೇರುವುದು ಬಹುತೇಕ ಖಚಿತ. ಒಮ್ಮೆ ಮತ್ತು ಎರಡು ಬಾರಿ ಸಿಕ್ಕ ಪ್ರಭೇದಗಳ ಸಂಖ್ಯೆಯಿಂದ ಒಟ್ಟು ಎಷ್ಟಿರಬಹುದೆಂದು ಲೆಕ್ಕ ಹಾಕುವ ಚಾವೊ ಸೂತ್ರ ಕೊಡುವುದೂ ಕನಿಷ್ಠ ಅಂದಾಜನ್ನೇ.

ಹಳೆಯ ಹೆಸರುಗಳಲ್ಲಿ ಯಾಕಿಷ್ಟು ಗೊಂದಲ?

ದಕ್ಷಿಣ ಭಾರತದ ಅನೇಕ ಜೇಡಗಳಿಗೆ ಹೆಸರಿಟ್ಟವರು ಲಂಡನ್ನಿನ ಪೊಕಾಕ್, ಪ್ಯಾರಿಸ್ಸಿನ ಸಿಮೋನ್ ಮೊದಲಾದವರು. ಹತ್ತೊಂಬತ್ತನೆಯ ಶತಮಾನದ ಕೊನೆಯ ಹೊತ್ತಿನ ಅವರ ವಿವರಣೆಗಳು ಚಿಕ್ಕವು, ಕೆಲವಕ್ಕೆ ಚಿತ್ರಗಳೇ ಇಲ್ಲ, ಹೆಸರಿಗೆ ಆಧಾರವಾದ ಮೂಲ ಮಾದರಿಗಳು ಯುರೋಪಿನ ವಸ್ತುಸಂಗ್ರಹಾಲಯಗಳಲ್ಲಿವೆ. ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಭಾರತೀಯ ಪ್ರಾಣಿ ಸರ್ವೇಕ್ಷಣಾಲಯದ ಟಿಕಾದರ್ ಬಹಳಷ್ಟು ಪ್ರಭೇದಗಳನ್ನು ವಿವರಿಸಿ ಒಂದು ನೆಲೆ ಒದಗಿಸಿದರು, ಆದರೆ ಅವುಗಳಲ್ಲೂ ಕುಲ ಬದಲಾದವು, ಬೇರೆ ಹೆಸರಿನೊಂದಿಗೆ ವಿಲೀನವಾದವು ಉಂಟು. ಹಾಗಾಗಿ ಹಳೆಯ ಕೈಪಿಡಿಯ ಹೆಸರನ್ನು ನೇರವಾಗಿ ಬರೆಯದೆ, ಬರ್ನ್ ನಗರದ ವಸ್ತುಸಂಗ್ರಹಾಲಯ ನಡೆಸುವ ಜಾಗತಿಕ ಜೇಡ ಸೂಚಿಯಲ್ಲಿ ಈಗಿನ ಹೆಸರನ್ನು ತಾಳೆ ನೋಡಬೇಕು. ಮೂಲ ಮಾದರಿ ಸಿಕ್ಕಿದ್ದ ಊರಿನಿಂದಲೇ ಹೊಸದಾಗಿ ತಂದ ಗಂಡು ಹೆಣ್ಣು ಜೋಡಿಗೆ ಇದೇ ಕಾರಣಕ್ಕೆ ಬೇಡಿಕೆ. ನೂರು ವರ್ಷದ ಹಳೆಯ ಹೆಸರೊಂದನ್ನು ಸರಿಯಾಗಿ ಬಿಡಿಸಿ ಹೇಳುವುದು, ನನ್ನ ಮಟ್ಟಿಗೆ, ಹೊಸ ಹೆಸರಿಡುವುದಕ್ಕಿಂತ ದೊಡ್ಡ ಕೆಲಸ.

ಹೊಸ ಪ್ರಭೇದ ಸಿಕ್ಕರೆ ನನ್ನ ಹತ್ತಿರವೇ ಇಟ್ಟುಕೊಳ್ಳಬಹುದಾ? ವಿದೇಶಿ ತಜ್ಞರಿಗೆ ಕಳಿಸಬಹುದಾ?

ಇಟ್ಟುಕೊಳ್ಳುವಂತಿಲ್ಲ. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಹೊಸದಾಗಿ ಪತ್ತೆಯಾದ ಜೀವಿಯ ವಿಷಯವನ್ನು ಸರ್ಕಾರ ಗೊತ್ತುಪಡಿಸಿದ ಭಂಡಾರಗಳಿಗೆ ತಿಳಿಸಿ, ಮಾದರಿಯನ್ನು ಅಲ್ಲಿಗೇ ಒಪ್ಪಿಸಬೇಕು. ಪ್ರಾಣಿಗಳ ಮಟ್ಟಿಗೆ ಭಾರತೀಯ ಪ್ರಾಣಿ ಸರ್ವೇಕ್ಷಣಾಲಯ ಅಂಥ ಭಂಡಾರ, ಪಶ್ಚಿಮ ಘಟ್ಟಕ್ಕೆ ಅದರ ಪ್ರಾದೇಶಿಕ ಕೇಂದ್ರ ಕೋಳಿಕ್ಕೋಡಿನಲ್ಲಿದೆ. ವಿದೇಶಕ್ಕೆ ಮಾದರಿ ಕಳಿಸುವುದು ಅದೇ ಕಾಯ್ದೆಯ ನಿಯಂತ್ರಣಕ್ಕೆ ಒಳಪಟ್ಟಿದ್ದು, ಅಂಚೆಯಲ್ಲಿ ಒಂದು ಸೀಸೆ ಹಾಕಿ ಕಳಿಸಿಬಿಡುವ ವಿಷಯವಲ್ಲ. ಅಳತೆಪಟ್ಟಿಯೊಂದಿಗೆ ತೆಗೆದ ಪಾಲ್ಪ್ ಮತ್ತು ಎಪಿಜೈನ್‌ನ ಸ್ಪಷ್ಟ ಚಿತ್ರಗಳಿದ್ದರೆ ತಜ್ಞರ ಅಭಿಪ್ರಾಯ ಎಷ್ಟೋ ಬಾರಿ ಅಷ್ಟರಿಂದಲೇ ಸಿಗುತ್ತದೆ. ಹೊಸದೆಂಬ ಅನುಮಾನ ಬಂದೊಡನೆ ಪತ್ರಿಕೆಗೆ ಹೇಳಿಕೆ ಕೊಡದೆ, ಮೊದಲು ಆ ಕುಲದ ಎಲ್ಲ ಭಾರತೀಯ ಮತ್ತು ಶ್ರೀಲಂಕಾದ ಪ್ರಭೇದಗಳ ವಿವರಣೆಗಳೊಂದಿಗೆ ಹೋಲಿಸಿ ನೋಡಿ, ಇನ್ನೊಂದು ಲಿಂಗದ ಪ್ರೌಢ ಜೇಡ ಅದೇ ಹಾದಿಯಲ್ಲಿ ಸಿಗುತ್ತದೆಯೇ ಎಂದು ಮುಂದಿನ ಅಕ್ಟೋಬರ್‌ನಲ್ಲಿ ಅನುಮತಿಯನ್ನು ನವೀಕರಿಸಿಕೊಂಡು ಮತ್ತೆ ಹುಡುಕಬೇಕು.